ಜ್ವರಕ್ಕೆ ಕೂತ ಹುಳುಗಳೂ ನನ್ನ ಬೆಟ್ಟವೂ

ಚಿತ್ರ ಬರೆಯುವ ಹುಚ್ಚು ಹತ್ತಿದವರಲ್ಲಿ ಸಂಸಾರಕ್ಕೆ ಅತ್ಯಂತ ನಿರುಪಯೋಗಿ ಯಾರು ಎಂದು ಯಾರಾದರೂ ಕೇಳಿದರೆ, ಬೆಟ್ಟಗುಡ್ಡ ಬರೆಯುವವನು ಎಂದು ನಾನು ಹಿಂದುಮುಂದು ನೋಡದೆ ಹೇಳಿಬಿಡುತ್ತೇನೆ. ದೇವರ ಪಟ ಬರೆಯುವವನು ಕಡೇಪಕ್ಷ ಮನೆಯೊಳಗೆ ಕೂತಿರುತ್ತಾನೆ. ಒಲೆಯ ಮೇಲಿನ ಹಾಲು ಉಕ್ಕಿದರೆ ಒಂದು ಕೂಗು ಹಾಕುತ್ತಾನೆ. ಹೂಬಳ್ಳಿ ಬರೆಯುವವನಿಂದ ಹಬ್ಬದ ದಿನ ಬಾಗಿಲಿಗೊಂದು ರಂಗೋಲಿಯಾದರೂ ಹುಟ್ಟೀತು. ಬೆಟ್ಟ ಬರೆಯುವವನ ಸಾಮಾನೆಲ್ಲ ಊರ ಹೊರಗೆ ಬಿದ್ದಿರುತ್ತದೆ. ಮನೆಯಿಂದ ಅವನಿಗೆ ಆಗಬೇಕಾದದ್ದು ಹೊತ್ತಿಗೆ ಸರಿಯಾಗಿ ಎರಡು ಮುದ್ದೆ, ಬಣ್ಣ ಕಲಸಲು ಒಂದು ಚೊಂಬು ನೀರು. ಸಾಲದ್ದಕ್ಕೆ ಬೆಟ್ಟವೆನ್ನುವುದು ತನ್ನ ನಿಜವಾದ ಬಣ್ಣ ತೋರಿಸುವುದು ದಿನದಲ್ಲಿ ಎರಡೇ ಹೊತ್ತು, ಬೆಳಗಿನ ಎಳೆಬಿಸಿಲಿನಲ್ಲಿ ಮತ್ತು ಸಂಜೆಯ ಇಳಿಬಿಸಿಲಿನಲ್ಲಿ. ಹಸು ಕರೆಯುವುದು, ನೀರು ಸೇದುವುದು, ತೋಟದಲ್ಲಿ ಸೊಪ್ಪು ಕೊಯ್ಯುವುದು, ಮಕ್ಕಳು ಅಳುವುದು ಎಲ್ಲವೂ ಆ ಎರಡು ಹೊತ್ತಿನಲ್ಲೇ. ಹೀಗಾಗಿ ಮನೆಗೆ ಗಂಡಸಿನ ಕೈ ಬೇಕೆನಿಸಿದಾಗಲೆಲ್ಲ ನಾನು ಯಾವುದೋ ಬಂಡೆಯ ಎದುರು ಮಂಡಿಯೂರಿ ಕೂತಿರುತ್ತಿದ್ದೆ.

ನಾನು ಮುಳಬಾಗಿಲಿನ ಒಂದು ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರು. ಮನೆ ನಂಗಲಿಗೆ ಹೋಗುವ ರಸ್ತೆಯ ಪಕ್ಕದ ಹಳ್ಳಿಯಲ್ಲಿ. ಶಾಲೆಯಲ್ಲಿ ಮಕ್ಕಳಿಗೆ ಹೂಜಿ, ಕೊಡೆ, ಬಾಳೆಹಣ್ಣಿನ ಚಿಪ್ಪು ಬರೆಯುವುದನ್ನು ಕಲಿಸುತ್ತಿದ್ದೆ. ಸೈಕಲ್ಲಿನಲ್ಲಿ ಹೋಗುವಾಗ ಬರುವಾಗ ನನ್ನ ಬೆಟ್ಟಗಳನ್ನು ಬರೆದುಕೊಳ್ಳುತ್ತಿದ್ದೆ. ಈ ಸೀಮೆಯ ಬೆಟ್ಟಗಳನ್ನು ನೋಡದವರಿಗೆ ನನ್ನ ಹುಚ್ಚು ಅರ್ಥವಾಗುವುದು ಕಷ್ಟ. ಇಲ್ಲಿ ಹಸಿರಿನ ಮರೆಯಿಲ್ಲ, ಮಂಜಿನ ಮುಸುಕಿಲ್ಲ. ಬರೀ ಬಂಡೆ. ಒಂದು ಮನೆಯಷ್ಟು ದೊಡ್ಡ ಗುಂಡು, ಅಂಗೈಯಗಲದ ಜಾಗದ ಮೇಲೆ ಕೂತು, ಈಗ ಬಿತ್ತು ಆಗ ಬಿತ್ತು ಎನ್ನುವಂತೆ ಎಷ್ಟು ತಲೆಮಾರಿನಿಂದ ಕೂತಿದೆಯೋ! ಅದರ ಕೆಳಗೆ ಕುರಿಗಳು ನೆರಳಿಗೆ ಮಲಗಿರುತ್ತವೆ. ಬೆಳಗ್ಗೆ ಬೂದಿಯ ಬಣ್ಣದಲ್ಲಿರುವ ಅದೇ ಗುಂಡು ಹತ್ತು ನಿಮಿಷದಲ್ಲಿ ಹುರಿಗಡಲೆಯ ಬಣ್ಣಕ್ಕೆ ತಿರುಗುತ್ತದೆ. ನಾನು ಆ ಬಣ್ಣ ಕಲಸುವಷ್ಟರಲ್ಲಿ ಇನ್ನೊಂದಾಗಿರುತ್ತದೆ. ಎಷ್ಟೋ ದಿನ ಕುಂಚ ಕೈಯಲ್ಲೇ ಒಣಗಿ, ಕಾಗದ ಖಾಲಿಯಾಗಿಯೇ ಉಳಿದು, ಬಾಯಿ ತೆರೆದುಕೊಂಡು ಮನೆಗೆ ಬಂದಿದ್ದೇನೆ. "ಏನು ಬರೆದ್ರಿ?" ಎಂದು ಹೆಂಡತಿ ಕೇಳಿದರೆ, "ನೋಡ್ದೆ" ಎನ್ನುತ್ತಿದ್ದೆ. ಅವಳು ಚೊಂಬು ತೆಗೆದುಕೊಂಡು ಒಳಗೆ ಹೋಗುತ್ತಿದ್ದಳು.

ಪ್ರದರ್ಶನಗಳ ವಿಷಯದಲ್ಲಿ ನನ್ನ ಅನುಭವ ಹೇಳಿಕೊಳ್ಳುವಂಥದ್ದಲ್ಲ. ಮೊದಲ ಸಲ ನನ್ನ ಚಿತ್ರ ಗೋಡೆ ಹತ್ತಿದ್ದು ಕೋಲಾರದ ಒಂದು ಬೇಸಾಯದ ಪ್ರದರ್ಶನದಲ್ಲಿ. ಅತ್ತ ಕಡೆ ಬಹುಮಾನ ಬಂದ ಕುಂಬಳಕಾಯಿ, ಇತ್ತ ಕಡೆ ಯಾರೋ ಕಸೂತಿ ಹಾಕಿದ ಗಿಣಿ, ನಡುವೆ ನನ್ನ ಬೆಟ್ಟ. ಇಡೀ ದಿನ ಜನ ಸಾಲುಗಟ್ಟಿ ಬಂದು ಕುಂಬಳಕಾಯಿಯನ್ನು ಮುಟ್ಟಿ ಮುಟ್ಟಿ ನೋಡಿದರು. ಕುಂಬಳಕಾಯಿ ನೋಡಿ ದಣಿದವರು ಒರಗಿಕೊಳ್ಳಲು ನನ್ನ ಚಿತ್ರದ ಕೆಳಗಿನ ಗೋಡೆ ಅನುಕೂಲವಾಗಿತ್ತು. ಒಬ್ಬನೇ ಒಬ್ಬ ನಿಂತು ನೋಡಿದ. ಮಾಲೂರು ಕಡೆಯ ಶಿವಾರಪಟ್ಟಣದ ಶಿಲ್ಪಿಯಂತೆ, ಕೈಬೆರಳೆಲ್ಲ ಕಲ್ಲುಪುಡಿ. ಬಹಳ ಹೊತ್ತು ನೋಡಿ, ಚಿತ್ರದೊಳಗಿನ ಒಂದು ಗುಂಡಿನ ಮೇಲೆ ಬೆರಳಿಟ್ಟು, "ಈ ಕಲ್ಲು ವಿಗ್ರಹಕ್ಕೆ ಬರಾಕಿಲ್ಲ ಸಾಮಿ. ಒಳಗೆ ಬಿರುಕೈತೆ" ಎಂದು ಹೇಳಿ ಹೊರಟುಹೋದ. ನನಗೆ ಅಲ್ಲೇ ಕಣ್ಣು ತುಂಬಿತು. ಆ ಗುಂಡಿನಲ್ಲಿ ನಿಜವಾಗಿಯೂ ಬಿರುಕಿತ್ತು. ಅದರ ಪಕ್ಕದಲ್ಲಿ ನಾಲ್ಕು ಬೆಳಗು ಕೂತು ಬರೆದಿದ್ದೆ. ಮನೆಗೆ ಬಂದು ಸಂಭ್ರಮದಿಂದ ಹೇಳಿದರೆ ನನ್ನ ಹೆಂಡತಿ ಲಕ್ಷ್ಮೀದೇವಿ, "ಬರಾಕಿಲ್ಲ ಅಂದಿದ್ದಕ್ಕೆ ಇಷ್ಟು ಖುಷಿನಾ?" ಎಂದಳು.

ಇನ್ನು ಮನೆಯ ವಿಷಯ. ನಮ್ಮದು ರೇಷ್ಮೆಹುಳು ಸಾಕುವ ಮನೆ. ಹಿಪ್ಪುನೇರಳೆ ತೋಟ, ಹುಳು, ಸೊಪ್ಪು, ಗೂಡು ಎಲ್ಲವೂ ಹೆಂಡತಿಯ ಆಡಳಿತ. ಪ್ರತಿ ಬೆಳೆಗೂ ಶ್ರೀನಿವಾಸಪುರದ ಕಡೆಯಿಂದ ಅವಳ ತಾಯಿ, ಅಂದರೆ ನಮ್ಮ ಅತ್ತೆ, ಗಂಟು ಕಟ್ಟಿಕೊಂಡು ಬಂದಿಳಿಯುತ್ತಿದ್ದರು. ಹುಳುವಿನ ಮುಖ ನೋಡಿ ಅದರ ಮನಸ್ಸು ಹೇಳುವಷ್ಟು ಪಳಗಿದ ಹೆಂಗಸು. ಆದರೆ ಅಳಿಯನೊಡನೆ ನೇರವಾಗಿ ಮಾತಾಡಬಾರದೆಂಬುದು ಅವರು ಹುಟ್ಟಿ ಬೆಳೆದ ಮನೆಯ ಮರ್ಯಾದೆ. ಹಾಗಾಗಿ ನನಗೆ ಹೇಳಬೇಕಾದ್ದನ್ನೆಲ್ಲ ನಡುಮನೆಯ ಕಂಬಕ್ಕೆ ಹೇಳುತ್ತಿದ್ದರು, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ. ನಾನೂ ಕಂಬಕ್ಕೇ ಉತ್ತರ ಕೊಡುತ್ತಿದ್ದೆ. ನಮ್ಮಿಬ್ಬರ ನಡುವೆ ಆ ಕಂಬ ಕೇಳಿಸಿಕೊಂಡಷ್ಟು ಮಾತನ್ನು ಯಾವ ವಕೀಲನೂ ಕೇಳಿರಲಾರ.

ಈ ಕಂಬ ಅತಿ ಹೆಚ್ಚು ಮಾತು ಕೇಳಿಸಿಕೊಂಡಿದ್ದು ನಾನು ಒಮ್ಮೆ ಎಣ್ಣೆಬಣ್ಣಕ್ಕೆ ಕೈ ಹಾಕಿದಾಗ. ದೊಡ್ಡ ದೊಡ್ಡ ಚಿತ್ರಕಾರರೆಲ್ಲ ಎಣ್ಣೆಬಣ್ಣದಲ್ಲೇ ಬರೆಯುತ್ತಾರೆಂದು ಕೇಳಿ ಬೆಂಗಳೂರಿನಿಂದ ಟರ್ಪೆಂಟೈನ್ ಶೀಶೆ ತರಿಸಿದ್ದೆ. ಹುಳುಮನೆಗೆ ಒಗ್ಗರಣೆಯ ವಾಸನೆಯೂ ತಾಗಬಾರದೆಂದು ಬೆಳೆಯುದ್ದಕ್ಕೂ ಸಪ್ಪೆ ಸಾರು ಉಣ್ಣುವ ಮನೆ ಅದು. ಮೂರನೆಯ ದಿನಕ್ಕೆ ಹುಳುಗಳು ಸೊಪ್ಪು ಬಿಟ್ಟವು, ಐದನೆಯ ದಿನಕ್ಕೆ ಬೆಳೆಯೇ ಹೋಯಿತು. ಶೀಶೆಯ ವಾಸನೆಯಿಂದ ಹೋಯಿತೋ, ಬೇರೇನಾದರೂ ರೋಗದಿಂದ ಹೋಯಿತೋ ಇಂದಿಗೂ ಗೊತ್ತಿಲ್ಲ. ಹೆಂಡತಿ ಸತ್ತ ಹುಳುಗಳನ್ನು ಮೊರದಲ್ಲಿ ತುಂಬಿ ತಿಪ್ಪೆಗೆ ಹಾಕಿದಳು. ಆ ಮೊರ ಹೊತ್ತು ಅವಳು ಅಂಗಳ ದಾಟಿದ್ದನ್ನು ನೆನೆದರೆ ಈಗಲೂ ನನಗೆ ಅನ್ನ ಸೇರುವುದಿಲ್ಲ. ಅಂದಿನಿಂದ ನಾನು ನೀರುಬಣ್ಣದ ಕಲಾವಿದ.

ಹೀಗಿರುವಾಗ ಬೆಂಗಳೂರಿನಿಂದ ಒಂದು ಕಾಗದ ಬಂತು. ಅಲ್ಲಿಯ ಕೆಲವು ಕಲಾಪ್ರಿಯರು ಸೇರಿ ಚಿತ್ರಪ್ರದರ್ಶನ ನಡೆಸುವವರಿದ್ದರು. ನಾನು ಧೈರ್ಯ ಮಾಡಿ ಒಂದು ಚಿಕ್ಕ ನಕಲು ಕಳಿಸಿದ್ದೆ. ಚಿತ್ರ ಮೆಚ್ಚಿಗೆಯಾಗಿದೆ, ದೊಡ್ಡದನ್ನು ಶನಿವಾರ ಸಂಜೆಯೊಳಗೆ ಖುದ್ದಾಗಿ ತಂದುಕೊಟ್ಟರೆ ತೂಗುಹಾಕುತ್ತೇವೆ, ತಡವಾದರೆ ಜಾಗವಿರುವುದಿಲ್ಲ ಎಂದು ಬರೆದಿದ್ದರು. ಕುಂಬಳಕಾಯಿಯಿಲ್ಲದ ಪ್ರದರ್ಶನ! ಕಾಗದವನ್ನು ಎಷ್ಟು ಸಲ ಓದಿದೆನೆಂದರೆ ಮಡಿಕೆಯಲ್ಲೇ ಹರಿಯಿತು. ಚಿತ್ರ ಸಿದ್ಧವಾಗಿಯೇ ಇತ್ತು. ಎರಡು ವರ್ಷ ಅದರ ಹಿಂದೆ ಬಿದ್ದಿದ್ದೆ. ಮುಳಬಾಗಿಲ ಬೆಟ್ಟದ ಮೇಲೆ ಬೆಳಗಿನ ಮೊದಲ ಬೆಳಕು ಬೀಳುವ ಗಳಿಗೆ. ಆ ಬೆಳಕು ನನ್ನ ಕೈಗೆ ಬಂದದ್ದು ಅದೊಂದೇ ಸಲ, ಅದು ಹೇಗೆ ಬಂತೆಂಬುದು ನನಗೂ ತಿಳಿಯದು. ನೀರುಬಣ್ಣದ ಕಾಗದ ಒಣಗಿದ ಮೇಲೆ ಹಪ್ಪಳದಂತೆ ಸುರುಟಿಕೊಳ್ಳುತ್ತದೆ. ಅದನ್ನು ನೇರ ಮಾಡಲು ಹಿಂಬದಿಗೆ ಸ್ವಲ್ಪ ನೀರು ಸವರಿ, ಮಣೆಯ ಮೇಲೆ ಬೋರಲು ಹಾಕಿ, ನಾಲ್ಕು ಮೂಲೆಗೆ ನಾಲ್ಕು ಕಲ್ಲಿಟ್ಟು, ಶುಕ್ರವಾರ ಶಾಲೆಗೆ ಹೋದೆ. ದಾರಿಯಲ್ಲಿ ಬಸ್ಸಿನವರಿಗೂ ಹೇಳಿದೆ. ಆಗ ನಡೆಯುತ್ತಿದ್ದ ಎರಡನೆಯ ಮಹಾಯುದ್ಧದಿಂದ ಪೆಟ್ರೋಲು ಸಿಗದೆ, ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಓಡುತ್ತಿದ್ದ ಬಸ್ಸು ಅದು, ದಿನಕ್ಕೊಂದೇ. "ನಾಳೆ ನಮ್ಮೂರ ಹತ್ರ ನಾನು ಕಾಣಿಸ್ದಿದ್ರೆ ಸ್ವಲ್ಪ ಹಾರನ್ ಹೊಡೀರಿ" ಎಂದೆ. "ಆಯ್ತು ಮೇಷ್ಟ್ರೇ" ಎಂದರು.

ಸಂಜೆ ಮನೆಗೆ ಬಂದು ನೋಡಿದರೆ ನಾಲ್ಕು ಕಲ್ಲು ಇದ್ದವು, ಮಣೆ ಇತ್ತು, ನಡುವಿನದು ಇರಲಿಲ್ಲ. "ಲಕ್ಷ್ಮೀ, ಇಲ್ಲೊಂದು ಕಾಗದ ಇತ್ತಲ್ಲೇ?" ಎಂದೆ.

ಹೆಂಡತಿ ಹುಳುಮನೆಯಿಂದ ಹೊರಗೆ ಬಂದು ಬೆರಳನ್ನು ಬಾಯಿಗಿಟ್ಟು ಸುಮ್ಮನಿರಲು ಸನ್ನೆ ಮಾಡಿದಳು. "ಮೆಲ್ಲಗೆ ಮಾತಾಡಿ. ಹುಳ ಜ್ವರಕ್ಕೆ ಕೂತವೆ."

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ರೇಷ್ಮೆಹುಳು ಗೂಡು ಕಟ್ಟುವ ಮೊದಲು ನಾಲ್ಕು ಸಲ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತು ಹಳೆಯ ಚರ್ಮ ಕಳಚಿಕೊಳ್ಳುತ್ತದೆ. ನಮ್ಮ ಕಡೆ ಅದಕ್ಕೆ ಜ್ವರ ಎನ್ನುತ್ತಾರೆ. ಕೂರುವ ಮೊದಲು ಹುಳು ಒಂದೆರಡು ಎಳೆ ನೂಲು ಬಿಟ್ಟು ತನ್ನ ಕಾಲನ್ನು ಕೆಳಗಿನ ಒಣಸೊಪ್ಪಿನ ಹಾಸಿಗೆಗೆ ಕಟ್ಟಿಕೊಳ್ಳುತ್ತದೆ. ಆಗ ಅಲುಗಿಸಿದರೆ ಕಟ್ಟು ಬಿಚ್ಚಿಹೋಗುತ್ತದೆ, ಚರ್ಮ ಕಳಚಲಾರದೆ ಹುಳು ಸಾಯುತ್ತದೆ. ಇದು ಎರಡನೆಯ ಜ್ವರ. ಎಳೆಹುಳುಗಳ ತಟ್ಟೆಗೆ ಕಾಗದ ಹಾಸುವುದು ಪದ್ಧತಿ. ಆದರೆ ಯುದ್ಧದ ದೆಸೆಯಿಂದ ಹಳೆಯ ಪತ್ರಿಕೆಯ ಚೂರೂ ಸಿಗುತ್ತಿರಲಿಲ್ಲ. ಗುರುವಾರವೇ ಹುಳು ದಟ್ಟವಾಗಿ, ಅರ್ಧವನ್ನು ಇನ್ನೊಂದು ತಟ್ಟೆಗೆ ಹರಡಬೇಕೆಂದು ತಾಯಿ ಮಗಳಿಬ್ಬರೂ ಕಾಗದಕ್ಕೆ ಊರೆಲ್ಲ ಹುಡುಕಿದ್ದರು. ಶುಕ್ರವಾರ ಬೆಳಗ್ಗೆ ಅತ್ತೆಯ ಕಣ್ಣಿಗೆ ಮಣೆಯ ಮೇಲಿದ್ದ ನನ್ನ ಕಾಗದ ಬಿದ್ದಿದೆ. ಹಿಂಬದಿಯ ಬಿಳುಪು ಮಾತ್ರ ಕಂಡಿದೆ. ತೆಗೆದುಕೊಂಡು ಹೋಗಿ, ಸಗಣಿ ಸಾರಿಸಿದ ಬಿದಿರು ತಟ್ಟೆಯ ಮೇಲೆ ಹಾಗೆಯೇ ಬೋರಲು ಹಾಸಿ, ಮೇಲೆ ಹುಳು ಬಿಟ್ಟಿದ್ದಾರೆ. ಮಧ್ಯಾಹ್ನದ ಹೊತ್ತಿಗೆ ಹುಳುಗಳು ಸೊಪ್ಪು ಬಿಟ್ಟು ಜ್ವರಕ್ಕೆ ಕೂತಿವೆ. ಬೆಳೆಯ ಅರ್ಧ ಹುಳು ನನ್ನ ಬೆಟ್ಟದ ಬೆನ್ನ ಮೇಲೆ.

ಅತ್ತೆ ಕಂಬದ ಹತ್ತಿರ ಬಂದು ಅದಕ್ಕೆ ವಿವರಿಸಿದರು: "ಅಯ್ಯೋ ದೇವುಡಾ! ಬೆಳ್ಳಗೆ, ದಪ್ಪಗೆ ಎಂತಾ ಕಾಗಿತಂ ಅದು! ಮೇಲೆ ಒಂದು ಗೀಟಿಲ್ಲ, ಚುಕ್ಕೆ ಇಲ್ಲ. ಬರೆದಿರೋದ್ನ ಬೋರಲು ಮಲಗಿಸ್ತಾರೆ ಅಂತ ನಂಗೇನು ತೆಲುಸು?"

"ಕಾಗದ ತೆಗೆದ್ರೆ ಎಷ್ಟು ಹುಳ ಸಾಯ್ತವೆ?" ಎಂದು ಕಂಬವನ್ನು ಕೇಳಿದೆ. ಕಂಬದ ಪರವಾಗಿ ಹೆಂಡತಿ ಹೇಳಿದಳು: "ಜ್ವರ ಬಿಡೋದು ನಾಳೆ ಮಧ್ಯಾಹ್ನ. ಬಸ್ಸು ಎಷ್ಟೊತ್ತಿಗೆ?" ಬಸ್ಸು ಹನ್ನೊಂದಕ್ಕೆ.

ಆ ಸಂಜೆ ನಾನು ಬೆಟ್ಟದ ಕಡೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ಲೋಕದ ಮೇಲೆಲ್ಲ ಸಿಟ್ಟು ಮಾಡಿಕೊಂಡೆ. ಎರಡು ವರ್ಷದ ದುಡಿಮೆ, ಇನ್ನೆಂದೂ ಕೈಗೆ ಬಾರದ ಆ ಬೆಳಕು, ಸಗಣಿಗೆ ಮುಖ ಕೊಟ್ಟು ಮಲಗಿದೆ. ತೆಗೆದರೆ ಸ್ವಲ್ಪ ಒರೆಸಿ ಉಳಿಸಿಕೊಳ್ಳಬಹುದೇನೋ. ಹೊತ್ತು ಕಳೆದಷ್ಟೂ ತೇವ ಏರುತ್ತದೆ. ಆದರೆ ಮೊರ ಹೊತ್ತು ಅಂಗಳ ದಾಟಿದವಳು ಕಣ್ಣ ಮುಂದೆ ಬಂದಾಗ ಬಾಯಿ ತೆರೆಯಲು ಧೈರ್ಯ ಬರಲಿಲ್ಲ. ಅಂದು ಹೋದ ಬೆಳೆಯಂತೆ ಇದೂ ಹೋದರೆ ಮನೆ ನಡೆಯುವುದು ಕಷ್ಟ. ಇಷ್ಟಾದರೂ, ಸತ್ಯ ಹೇಳಬೇಕೆಂದರೆ, ನನ್ನ ಮನಸ್ಸು ಚಿತ್ರದ ಕಡೆಗೇ ಇತ್ತು.

ಬೆಳಗ್ಗೆ ಹೆಂಡತಿ ಸೊಪ್ಪಿನ ಬುಟ್ಟಿ ಸೊಂಟಕ್ಕಿಟ್ಟುಕೊಂಡು ನನ್ನ ಮುಂದೆ ನಿಂತಳು. "ತಕ್ಕೊಂಡ್ಹೋಗಿ" ಎಂದಳು. "ಪಕ್ಕದಲ್ಲಿ ಖಾಲಿ ತಟ್ಟೆ ಇಟ್ಟಿದೀನಿ. ಹಾಸಿಗೆ ಸಮೇತ ಮೆಲ್ಲಗೆ ಜಾರಿಸಿ. ಉಳಿಯೋವು ಉಳೀತವೆ. ನಾನೂ ಅಮ್ಮನೂ ತೋಟಕ್ಕೆ ಹೋಗ್ತೀವಿ, ನಮ್ ಕೈಲಿ ನೋಡಕ್ಕಾಗಲ್ಲ." ನಾನು ಬೇಡವೆನ್ನಲಿಲ್ಲ. ಆ ಕ್ಷಣ ಅವಳಿಗೆ ಕೃತಜ್ಞತೆ ಹೇಳಬೇಕೆಂದೂ ಹೊಳೆಯಲಿಲ್ಲ. ಅವರಿಬ್ಬರ ಬೆನ್ನು ಮರೆಯಾದದ್ದೇ ತಡ, ಬಸ್ಸಿಗೆ ಹೋಗುವ ಕೋಟು ಹಾಕಿಕೊಂಡು ಹುಳುಮನೆಗೆ ನುಗ್ಗಿದೆ.

ಮಂಡಿಯೂರಿ ಕಾಗದದ ಒಂದು ಮೂಲೆಯನ್ನು ಬೆರಳಲ್ಲಿ ಹಿಡಿದೆ. ಹಿಡಿದವನು ಒಮ್ಮೆ ಹುಳುಗಳನ್ನು ನೋಡಿದೆ. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಎಷ್ಟು ಬೆಳೆ ಆಗಿದೆಯೋ, ನಾನು ಬಗ್ಗಿ ನೋಡಿದ್ದು ಅದೇ ಮೊದಲು. ಅಕ್ಕಿಕಾಳಿನಷ್ಟುದ್ದದ ಹುಳುಗಳು, ಸಾವಿರಾರು, ಎಲ್ಲವೂ ಎದೆಯೆತ್ತಿ ತಲೆ ಮೇಲೆ ಮಾಡಿ ಕೂತಿದ್ದವು. ಒಂದಾದರೂ ಅಲುಗುತ್ತಿರಲಿಲ್ಲ. ನಮ್ಮ ಶಾಲೆಯ ಮಕ್ಕಳು ಪ್ರಾರ್ಥನೆಗೆ ಒಂದು ನಿಮಿಷ ಹಾಗೆ ನಿಂತದ್ದನ್ನು ನಾನು ಕಂಡಿಲ್ಲ. ಅಷ್ಟರಲ್ಲಿ ಒಂದು ಹುಳುವಿನ ಮೈ ಸಣ್ಣಗೆ ನಡುಗಿತು. ತಲೆಯ ಹಿಂದೆ ಕೂದಲೆಳೆಯಷ್ಟು ಬಿರುಕು ಕಾಣಿಸಿತು. ಆ ಬಿರುಕಿನೊಳಗಿಂದ ಮೆತ್ತಗಿನ, ನೆರಿಗೆ ನೆರಿಗೆಯಾದ ಇನ್ನೊಂದು ತಲೆ ನೂಕಿಕೊಂಡು ಬಂತು. ಹಳೆಯ ತಲೆಯ ಚಿಪ್ಪು ಮೂತಿಗೆ ಟೊಪ್ಪಿಗೆಯಂತೆ ಅಂಟಿಕೊಂಡಿತ್ತು. ಅದನ್ನು ಅತ್ತಿತ್ತ ಒರೆಸಿ ಬೀಳಿಸಿತು. ಆಮೇಲೆ ಒಂದೊಂದೇ ಹೆಜ್ಜೆಯಿಟ್ಟು ತನ್ನ ಚರ್ಮದೊಳಗಿಂದ ತಾನೇ ಹೊರಗೆ ನಡೆದು ಬಂತು. ಕಾಲು ಕಟ್ಟಿಕೊಂಡಿದ್ದ ಹಳೆಯ ಚರ್ಮ ಇದ್ದಲ್ಲೇ ಉಳಿಯಿತು. ಹೊಸ ಹುಳು ಒಂದು ಗಳಿಗೆ ಸುಧಾರಿಸಿಕೊಂಡಿತು. ಅದರ ಬಣ್ಣವನ್ನು ನನ್ನ ಪೆಟ್ಟಿಗೆಯ ಯಾವ ಬಣ್ಣ ಕಲಸಿದರೂ ತರಲಾರೆ. ನೋಡುತ್ತಿದ್ದಂತೆ ಪಕ್ಕದ್ದು ನಡುಗಿತು, ಅದರಾಚೆಯದು ನಡುಗಿತು.

ನನಗೆ ಮೈ ಜುಮ್ಮೆಂದಿತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ, ಕೈಮುಗಿಯಬೇಕೆನಿಸಿತು. ಇಷ್ಟು ದೊಡ್ಡದೊಂದು ನಮ್ಮ ನಡುಮನೆಯ ಪಕ್ಕದಲ್ಲಿ, ಬಿದಿರು ತಟ್ಟೆಯ ಮೇಲೆ, ಸದ್ದಿಲ್ಲದೆ ನಡೆಯುತ್ತಿದೆ. ನಾನು ಬೆರಗು ಹುಡುಕಿಕೊಂಡು ಸೈಕಲ್ ತುಳಿಯುತ್ತ ಮೈಲಿಗಟ್ಟಲೆ ಹೋಗುತ್ತಿದ್ದೇನೆ. ಹೆಂಡತಿ, ಅತ್ತೆ ಇಬ್ಬರೂ ಕಾಲ ಸದ್ದಿಲ್ಲದೆ ನಡೆಯುವುದು, ಒಗ್ಗರಣೆ ಬಿಡುವುದು, ಸೊಪ್ಪನ್ನು ಒಂದೊಂದೇ ಎಲೆಯಾಗಿ ಒರೆಸಿ ಹಾಕುವುದು, ಇವೆಲ್ಲ ಹೆಂಗಸರ ಗಡಿಬಿಡಿಯೆಂದು ನಗುತ್ತಿದ್ದವನು ನಾನು. ಇದನ್ನು ಕಾಯುವವರು ಹಾಗಲ್ಲದೆ ಇನ್ನು ಹೇಗೆ ನಡೆದಾರು! ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ಗೊತ್ತಿಲ್ಲ. ಬೆರಳು ಆ ಮೂಲೆಯನ್ನು ಹಿಡಿದೇ ಇತ್ತು. ಎಚ್ಚರವಾದಾಗ ಬಿಸಿಲು ಹೊಸ್ತಿಲು ದಾಟಿ ಒಳಗೆ ಬಂದಿತ್ತು, ಬಸ್ಸು ಯಾವಾಗಲೋ ಹೋಗಿತ್ತು.

ತೋಟದಿಂದ ಬಂದ ಅತ್ತೆ ಬಾಗಿಲಲ್ಲೇ ನಿಂತರು. ಕೋಟು ಹಾಕಿಕೊಂಡು ತಟ್ಟೆಯ ಮುಂದೆ ಕೂತ ಅಳಿಯ, ಅಲುಗದ ಕಾಗದ, ಒಂದೊಂದಾಗಿ ಏಳುತ್ತಿರುವ ಹುಳು. ಕಂಬದವರೆಗೆ ಹೋಗಲೂ ಅವರಿಗೆ ತಡೆಯಲಾಗಲಿಲ್ಲ. ಮೊದಲ ಸಲ, ಕೊನೆಯ ಸಲವೂ ಹೌದು, ನೇರವಾಗಿ ನನಗೇ ಹೇಳಿದರು: "ನೀವು ದೇವುಡು ಕಣಪ್ಪಾ!" ಹೆಂಡತಿ ಅವರ ಹಿಂದೆ ಬುಟ್ಟಿ ಇಳಿಸುತ್ತಿದ್ದಳು. ನಾನು ನಿಜ ಹೇಳಬಹುದಿತ್ತು. ಹೇಳಲು ಬಾಯಿ ತೆರೆದೆ ಕೂಡ. ಆದರೆ ದೇವರು ಎಂದು ಕರೆಸಿಕೊಂಡ ಮನುಷ್ಯ ತಕ್ಷಣ ಅಲ್ಲವೆನ್ನುವುದು ಕಷ್ಟ.

ಹುಳುಗಳೆದ್ದು ಹೊಸ ಸೊಪ್ಪಿಗೆ ಹತ್ತಿದ ಮೇಲೆ ಕಾಗದ ನನ್ನ ಕೈಗೆ ಬಂತು. ಆಕಾಶದ ತುಂಬ ಬಿದಿರಿನ ಹೆಣಿಗೆ ಒತ್ತಿತ್ತು, ಬೆಟ್ಟಕ್ಕೆ ಸಗಣಿಯ ಬಣ್ಣ ಏರಿತ್ತು, ಬೆಳಕಂತೂ ಎಲ್ಲಿಯೂ ಇರಲಿಲ್ಲ. ಬೆಂಗಳೂರಿನಲ್ಲಿ ನನ್ನ ಜಾಗಕ್ಕೆ ಬೇರೆ ಯಾರದೋ ಚಿತ್ರ ಬಂದಿತು. ಆ ಬೆಳೆಯ ಗೂಡು ಮಾತ್ರ ಊರವರೆಲ್ಲ ಬಂದು ನೋಡುವ ಹಾಗಾಯಿತು. ಅದಕ್ಕೆಲ್ಲ ಆ ಕಾಗದದ ಗುಣವೇ ಕಾರಣವೆಂದು ಅತ್ತೆ ತೀರ್ಮಾನಿಸಿ, ಮುಂದಿನ ಬೆಳೆಗೆ ಅಂಥದ್ದೇ ಎರಡು ಗೀಚಿಕೊಡಬೇಕೆಂದು ಕಂಬದ ಮೂಲಕ ಅರ್ಜಿ ಹಾಕಿದರು.

ಅಲ್ಲಿಂದ ನನ್ನ ಕೀರ್ತಿ ಹಬ್ಬಿತು. ಶ್ರೀನಿವಾಸಪುರದ ಕಡೆಯ ನೆಂಟರಿಷ್ಟರಲ್ಲಿ ನಾನು ಚಿತ್ರಕಾರನೆಂದು ಯಾರಿಗೂ ಗೊತ್ತಿಲ್ಲ, ಸಂಸಾರಕ್ಕಾಗಿ ದೊಡ್ಡ ಪ್ರದರ್ಶನವನ್ನೇ ಬಿಟ್ಟ ಮಹಾನುಭಾವನೆಂದು ಎಲ್ಲರಿಗೂ ಗೊತ್ತು. ಮರುವರ್ಷ ಅಲ್ಲಿ ಒಂದು ಮದುವೆಗೆ ಹೋದಾಗ ಅತ್ತೆಯ ತಮ್ಮ ನನ್ನನ್ನು ಪಂಕ್ತಿಯ ಮೊದಲನೆಯ ಎಲೆಗೆ ಕೂರಿಸಿ, "ಇಂಥ ಅಳಿಯ ಹುಡುಕಿದ್ರೂ ಸಿಕ್ಕಾಕಿಲ್ಲ. ನೋಡ್ಕೊಳ್ರೋ ಹುಡುಗ್ರಾ" ಎಂದು ಹೊಸ ಅಳಿಯಂದಿರಿಗೆಲ್ಲ ನನ್ನನ್ನು ತೋರಿಸಿದರು. ನಾನು ತಲೆ ತಗ್ಗಿಸಿ ಒಬ್ಬಟ್ಟು ಮುರಿಯುತ್ತ ಕೂತೆ.

ಅತ್ತೆ ಊರಿನಲ್ಲೇ ಉಳಿದರು. ನಾವಿಬ್ಬರೂ ಬಸ್ಸಿಳಿದು ಹೊಲದ ದಾರಿಯಲ್ಲಿ ಮನೆಗೆ ನಡೆಯುವಾಗ ನನಗೆ ತಡೆಯಲಾಗಲಿಲ್ಲ. "ಲಕ್ಷ್ಮೀ, ನಾನು ತ್ಯಾಗಗೀಗ ಏನೂ ಮಾಡಿಲ್ಲ ಕಣೇ. ಚಿತ್ರ ಎಳ್ಕೊಂಡು ಹೋಗೋಕೇ ಕೂತಿದ್ದೆ. ಹುಳ ನೋಡ್ತಾ ಮೈಮರೆತೆ, ಬಸ್ಸು ಹೋಯ್ತು. ಅಷ್ಟೇ ಆಗಿದ್ದು" ಎಂದೆ.

"ಗೊತ್ತು" ಎಂದಳು ಅವಳು.

"ಏನು ಗೊತ್ತು?"

"ನಾನು ಅಲ್ಲೇ ಇದ್ದೆ. ಅಮ್ಮನ್ನ ತೋಟದಲ್ಲಿ ಬಿಟ್ಟು ವಾಪಸ್ ಬಂದೆ. ನೀವೊಬ್ರೇ ತಟ್ಟೆ ಜಾರಿಸಕ್ಕಾಗಲ್ಲ, ಆ ಕಡೆ ಹಿಡ್ಕೊಳ್ಳೋಣ ಅಂತ ಬಂದೆ. ಬಸ್ಸಿನೋನು ಎಷ್ಟು ಹಾರನ್ ಹೊಡೆದ ಅಂತೀರಾ! ನಿಮಗೆ ಕೇಳಿಸ್ಲಿಲ್ಲ. ನಾನು ಕರೀಬೌದಿತ್ತು. ಕರೀಲಿಲ್ಲ."

ನಾನು ದಾರಿಯಲ್ಲೇ ನಿಂತುಬಿಟ್ಟೆ. "ಯಾಕೆ ಕರೀಲಿಲ್ಲ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಹನ್ನೊಂದು ವರ್ಷದಲ್ಲಿ ನಮ್ಮನೆ ಒಳಗಿರೋ ಒಂದನ್ನ ನೀವು ಹಂಗೆ ನೋಡಿದ್ದು ನಾನು ಕಂಡಿರ್ಲಿಲ್ಲ. ಕರೆಯಕ್ಕೆ ಮನಸ್ಸು ಬರ್ಲಿಲ್ಲ, ಮೆಲ್ಲಗೆ ತೋಟಕ್ಕೇ ವಾಪಸ್ ಹೋದೆ. ಆಮೇಲೆ ಅಮ್ಮ ನಿಮ್ಮನ್ನ ದೇವ್ರು ಅಂದಾಗ, ಹಂಗೇ ಇರ್ಲಿ ಅಂತ ನಾನೂ ಊರಿಗೆಲ್ಲ ಹೇಳ್ಕೊಂಡು ಬಂದೆ. ಚಿತ್ರ ಹಾಳಾಗಿದ್ದಕ್ಕೆ ಅರ್ಧ ನಾನೇ ಕಾರಣ ಅಲ್ವಾ."

"ಎಷ್ಟೊತ್ತು ನಿಂತಿದ್ದೆ?" ಎಂದು ಕೇಳಿದೆ.

"ಕಾಲು ನೋಯೋವರ್ಗೂ" ಎಂದು ಹೇಳಿ ಅವಳು ಮುಂದೆ ನಡೆದಳು.

ನಾನು ಅವಳ ಹಿಂದೆ ನಡೆದೆ. ಅಷ್ಟು ಹೊತ್ತು ನನ್ನ ಬೆನ್ನಿನಿಂದ ಎರಡು ಮಾರು ದೂರದಲ್ಲಿ ಅವಳು ನಿಂತಿದ್ದಳು. ನೋಡುವುದೇ ನನ್ನ ಕಸುಬೆಂದು ಹೇಳಿಕೊಂಡು ತಿರುಗುವ ನಾನು ಒಂದು ಸಲವೂ ಹಿಂತಿರುಗಿ ನೋಡಿರಲಿಲ್ಲ.